ಉಣಿಸುವುದು: ಆಗುತ್ತದೆ

ನಮ್ಮ ವಿಭಾಗದಲ್ಲಿ ಒಂದು ಅಡುಗೆಮನೆ ಇತ್ತು. ಅದಕ್ಕೆ ಸದಾ ಬೀಗ. ಕೀಲಿಕೈ ವಿಭಾಗದ ಮುಖ್ಯಸ್ಥರ ಮೇಜಿನ ಖಾನೆಯಲ್ಲಿ, ಆ ಖಾನೆಯ ಕೀಲಿಕೈ ಅವರ ಅಂಗಿಯ ಕಿಸೆಯಲ್ಲಿ, ಅಂಗಿ ಅವರ ಮೈಮೇಲೆ, ಮತ್ತು ಅವರು ಗಡಿಯ ಆಚೆಯ ಮರಾಠಿ ಊರಿನಿಂದ ವಾರಕ್ಕೆ ಎರಡೇ ದಿನ ಬರುತ್ತಿದ್ದರು. ಉಳಿದ ದಿನ ನಾವು ಕಿಟಕಿಯ ಗಾಜಿಗೆ ಹಣೆ ಹಚ್ಚಿ ಒಳಗೆ ನೋಡುತ್ತಿದ್ದೆವು. ಪ್ಲಾಸ್ಟಿಕ್ ಹಾಳೆ ಕೂಡ ಸುಲಿಯದ ಮೈಕ್ರೊವೇವ್. ಬ್ರೆಡ್ಡು ಸುಡುವ ಯಂತ್ರ. ಗೋಡೆಗೆ ಸಾಲಾಗಿ ನೇತುಹಾಕಿದ ಚಾಕು, ಮುಳ್ಳುಚಮಚ. ರೊಟ್ಟಿ ಸುಡುವ ಹಂಚು ಇರಲಿಲ್ಲ, ನೆಲಕ್ಕೆ ಕೂತು ಕೆಲಸ ಮಾಡುವ ಜಾಗ ಇರಲಿಲ್ಲ, ಒಂದು ತಂಬಿಗೆ ಇರಲಿಲ್ಲ. ಪುಸ್ತಕದ ಪ್ರಕಾರ ಇದು, ಲಕ್ವಾ ಹೊಡೆದವರು ದಿನದ ಬದುಕನ್ನು ಮತ್ತೆ ಕಲಿಯುವ ಜಾಗ. ಯಾರ ದಿನ, ಯಾರ ಬದುಕು ಅಂತ ನೀವು ಕೇಳಬಹುದು. ನಾನು ಕೇಳಿದ್ದೆ. "ಸಿಲಬಸ್‌ನ್ಯಾಗ ಹಂಗ ಐತಿ" ಎಂಬ ಉತ್ತರ ಬಂತು. ಕಾಗವಾಡ, ಅಥಣಿ, ರಾಯಬಾಗದ ಕಡೆಯಿಂದ ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಮುಳ್ಳುಚಮಚದಿಂದ ಉಂಡ ಒಬ್ಬರನ್ನೂ ನಾನು ಕಂಡಿಲ್ಲ.

ನಾನು ಓದಿದ್ದು ಆಕ್ಯುಪೇಶನಲ್ ಥೆರಪಿ. ಫಿಸಿಯೋಥೆರಪಿಯವರು ಬಿದ್ದ ಕೈಯನ್ನು ಎತ್ತಿಸುತ್ತಾರೆ. ಎತ್ತಿದ ಕೈಯಿಂದ ಆ ಮನುಷ್ಯ ಏನು ಮಾಡಬೇಕೆಂದು ಬಯಸುತ್ತಾನೋ ಅದನ್ನು ಮಾಡಿಸುವುದು ನಮ್ಮ ಕೆಲಸ. 'ಆಕ್ಯುಪೇಶನ್' ಅಂದರೆ ನೌಕರಿಯಲ್ಲ. ಒಬ್ಬರ ದಿನವನ್ನು ತುಂಬುವ, ಅವರಿಗೇ ಬೇಕಾದ ಕೆಲಸ. ಈ ವಾಕ್ಯವನ್ನು ಮೊದಲ ವರ್ಷ ಬಾಯಿಪಾಠ ಮಾಡಿಸಿದ್ದರು. ಮುಂದಿನ ವರ್ಷಗಳಲ್ಲಿ ಅದನ್ನು ನಂಬಿ ನಡೆದವರನ್ನು ನಾನು ಹುಡುಕುತ್ತಲೇ ಇದ್ದೆ.

ತರಗತಿಯ ತುಂಬ ಹುಡುಗಿಯರು. ಎಲ್ಲರೂ ಡಾಕ್ಟರಾಗಲು ಹೊರಟು, ಪ್ರವೇಶ ಪರೀಕ್ಷೆಯಲ್ಲಿ ಜಾರಿ, ಮೊದಲು ದಂತವೈದ್ಯಕೀಯಕ್ಕೆ, ಅಲ್ಲಿಂದ ಆಯುರ್ವೇದಕ್ಕೆ, ಅಲ್ಲಿಂದ ಫಿಸಿಯೋಗೆ ಕೇಳಿ, ಕೊನೆಗೆ ಇಲ್ಲಿ ಬಂದು ನಿಂತವರು. ನಾನೂ ಹಾಗೆಯೇ ಬಂದವಳು. ತೆಲಸಂಗದಿಂದ ಬಂದಿದ್ದ ನನ್ನ ಕೋಣೆಯ ಗೆಳತಿ ಮೊದಲ ದಿನವೇ ಅಂದಿದ್ದಳು: "ನಾವು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಲಗ್ನಪತ್ರಿಕ್ಯಾಗ ಹೆಸರಿನ ಮುಂದ ಏನ್ ಹಾಕಸೂದಬೇ?"

"ಡಾಕ್ಟರ್ ಅಂತನ ಹಾಕ್ಸು. ಯಾರ್ ಕೇಳ್ತಾರ?"

"ಲಗ್ನಕ್ಕ ಬಂದವ್ರು ಕೇಳೂದಿಲ್ಲ. ಜ್ವರ ಬಂದ ಮಾವ ಕೇಳ್ತಾನ."

ಗೋಡೆಯ ಮೇಲೆ ಅಧ್ಯಾಪಕರ ಪಟ್ಟಿ ಉದ್ದವಾಗಿತ್ತು. ಅದರಲ್ಲಿದ್ದ ಬಹುಪಾಲು ಮಂದಿಯನ್ನು ನಾವು ನೋಡುತ್ತಿದ್ದುದು ವರ್ಷಕ್ಕೊಮ್ಮೆ, ಪರಿಶೀಲನಾ ಸಮಿತಿ ಬರುವ ದಿನ. ನಿಜವಾಗಿ ಪಾಠ ಹೇಳುತ್ತಿದ್ದವಳು ನಮಗಿಂತ ಎರಡು ವರ್ಷ ಮೊದಲು ಅಲ್ಲೇ ಪಾಸಾಗಿದ್ದ ಹುಡುಗಿ. ತಾನು ವಿದ್ಯಾರ್ಥಿನಿಯಾಗಿದ್ದಾಗ ಗೀಚಿಕೊಂಡ ನೋಟ್ಸನ್ನೇ ನಮಗೆ ಓದುತ್ತಿದ್ದಳು. ಒಂದು ಸಲ ನಡುವೆ ನಿಂತು, "ಇಲ್ಲಿ ನನಗ ನಿದ್ದಿ ಬಂದಿತ್ತು, ಒಂದು ಸಾಲು ಇಲ್ಲ" ಅಂದಳು. ನಾವು ಆ ಸಾಲು ಇಲ್ಲದೆಯೇ ಪರೀಕ್ಷೆ ಬರೆದೆವು, ಪಾಸೂ ಆದೆವು. ಆ ಸಾಲು ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಪ್ರಾಮಾಣಿಕಳು ಅವಳೊಬ್ಬಳೇ.

ಚಿಕ್ಕೋಡಿಯಲ್ಲಿ ಹೈಸ್ಕೂಲಿನಿಂದ ನಾನು ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಯಾವ ವಿಷಯ ಕೊಟ್ಟರೂ ಪರ ಮಾತಾಡು ಅಂದರೆ ಪರ, ವಿರೋಧ ಅಂದರೆ ವಿರೋಧ. ಅದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಆ ಕಾಲೇಜಿನಲ್ಲಿ ನಾನು ಮಾಡಿದ ವಾದಗಳಲ್ಲಿ ಗೆದ್ದದ್ದು ಒಂದೇ ಒಂದು, ಮತ್ತು ಆ ಗೆಲುವನ್ನು ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ಕೊನೆಯ ವರ್ಷ ಎಲ್ಲರೂ ಒಂದು ಪ್ರಬಂಧ ಬರೆಯಬೇಕು. ಬರೆಯುವುದು ಅಂದೆನಲ್ಲ, ಸುಳ್ಳು. ಹಿಂದಿನ ವರ್ಷದವರ ಪ್ರಬಂಧವನ್ನು ಪೆನ್‌ಡ್ರೈವಿನಲ್ಲಿ ತಂದು ಊರಿನ ಹೆಸರು, ತಿಂಗಳು ಬದಲಿಸಬೇಕು. ನಮ್ಮ ವಿಭಾಗದಲ್ಲಿ ಎಲ್ಲರಿಗೂ ಒಂದೇ ಬಗೆಯ ವಿಷಯ: ಲಕ್ವಾ ಹೊಡೆದವರು ದಿನನಿತ್ಯದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳಬಲ್ಲರು? ಅದನ್ನು ಅಳೆಯಲು ಒಂದು ಪಟ್ಟಿ. ಸ್ನಾನ, ಬಟ್ಟೆ ತೊಡುವುದು, ಶೌಚ, ಮೆಟ್ಟಿಲು ಹತ್ತುವುದು, ಹೀಗೆ. ಒಂದೊಂದರ ಮುಂದೆ ಮೂರು ಚೌಕ: ಆಗುತ್ತದೆ, ನೆರವಿನಿಂದ ಆಗುತ್ತದೆ, ಆಗುವುದಿಲ್ಲ. ಮೂಲ ಪಟ್ಟಿ ಇಂಗ್ಲಿಷಿನದು. ಹಿಂದೆ ಯಾವಾಗಲೋ ಕನ್ನಡ ಮಾಡಿಸಿದ್ದರು. ಮಾಡಿದವರು ಯಾರು ಅಂತ ಕೇಳಿದರೆ, ಆಫೀಸಿನಲ್ಲಿ ಟೈಪು ಮಾಡುತ್ತಿದ್ದ ಒಬ್ಬರು ಎಂದರು. ಅಧ್ಯಾಪಕರಲ್ಲಿ ಕನ್ನಡ ಬರೆಯಲು ಬರುವವರು ಇರಲಿಲ್ಲವಂತೆ.

ನಾನು ಮಾಡಿದ ತಪ್ಪು ಒಂದೇ, ನಿಜವಾಗಿಯೂ ರೋಗಿಗಳ ಹತ್ತಿರ ಹೋಗಿ ಕೇಳಿದೆ. ಮೊದಲನೆಯವರು ಅಥಣಿಯಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟ ಒಬ್ಬ ಗೃಹಸ್ಥರು. ಹೊರಗಿನ ಬೆಂಚಿನ ಮೇಲೆ ಕೂತು, ಲಕ್ವಾ ಹೊಡೆದ ಕೈಯಲ್ಲೇ ಮಿರ್ಚಿ ಭಜಿ ತಿನ್ನುತ್ತಿದ್ದರು. ನಾನು ಪಟ್ಟಿ ನೋಡಿ ಓದಿದೆ:

"ಉಣಿಸುವುದು. ಆಗತೈತೇನ್ರಿ?"

"ಯಾರಿಗೆ?"

"ಯಾರಿಗೆ ಅಂದ್ರ… ಹಾಳ್ಯಾಗ ಅಷ್ಟ ಐತ್ರಿ."

"ನಾ ಯಾಕ ಉಣಸ್ಲಿ ಬೇ? ಮನ್ಯಾಗ ಹೆಂಡ್ತಿ ಅದಾಳ, ಸೊಸಿ ಅದಾಳ. ಹುಟ್ಟಿದಾಗಿಂದ ಒಬ್ಬರಿಗೂ ಉಣಿಸಿಲ್ಲ. ಆಗೂದಿಲ್ಲ ಅಂತ ಬರ್ಕೋ." ಇಷ್ಟು ಹೇಳಿ ಇನ್ನೊಂದು ಭಜಿ ಬಾಯಿಗಿಟ್ಟುಕೊಂಡರು.

ಅಲ್ಲಿಗೆ ನನಗೆ ಸಿಕ್ಕಿತು. ಮೂಲದಲ್ಲಿ ಇದ್ದದ್ದು 'ಫೀಡಿಂಗ್'. ಅಲ್ಲಿ ಅದರ ಅರ್ಥ, ತಟ್ಟೆಯಲ್ಲಿದ್ದದ್ದನ್ನು ತಾನೇ ಬಾಯಿಗೆ ಹಾಕಿಕೊಳ್ಳುವುದು, ಅಂದರೆ ಉಣ್ಣುವುದು. ಟೈಪಿನವರು ನಿಘಂಟು ತೆರೆದು 'ಉಣಿಸುವುದು' ಎಂದು ಬರೆದಿದ್ದರು. ನಡುವೆ ಒಂದು 'ಸು' ಸೇರಿಕೊಂಡು, ಉಣ್ಣುವವನ ಬಾಯಿಂದ ತುತ್ತು ಇನ್ನೊಬ್ಬರ ಬಾಯಿಗೆ ಹೋಗಿತ್ತು.

ಗ್ರಂಥಾಲಯಕ್ಕೆ ಓಡಿ ಹಳೆಯ ಪ್ರಬಂಧಗಳನ್ನು ಕಪಾಟಿನಿಂದ ಇಳಿಸಿದೆ. ಎಲ್ಲದರಲ್ಲೂ ಅದೇ ಪಟ್ಟಿ, ಎಲ್ಲದರ ಕೊನೆಯಲ್ಲೂ ಅದೇ ತೀರ್ಮಾನ: ಲಕ್ವಾ ನಂತರ ಗಡಿಭಾಗದ ಗಂಡಸರಲ್ಲಿ ಊಟ ಮಾಡುವ ಸಾಮರ್ಥ್ಯ ಹೆಂಗಸರಿಗಿಂತ ಬಹಳ ಹೆಚ್ಚು ಕುಗ್ಗುತ್ತದೆ. ಒಬ್ಬಳು ಇದಕ್ಕೆ ಕಾರಣ ತಂಬಾಕು ಎಂದಿದ್ದಳು. ಇನ್ನೊಬ್ಬಳು ಮೆದುಳಿನ ಎಡಭಾಗದ ಬಗ್ಗೆ ಎರಡು ಪುಟ ಬರೆದಿದ್ದಳು. ಒಬ್ಬಳಂತೂ, ಗಂಡಸರಿಗೆ ಊಟದ ತರಬೇತಿ ಶಿಬಿರಗಳನ್ನು ನಡೆಸಬೇಕೆಂದು ಸರ್ಕಾರಕ್ಕೆ ಶಿಫಾರಸು ಮಾಡಿದ್ದಳು. ಗೆಳತಿಗೆ ತೋರಿಸಿದೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

"ಅಂದ್ರ ನಮ್ಮ ಗಂಡಸ್ರು ಮನ್ಯಾಗ ಒಬ್ಬರಿಗೂ ಉಣಸೂದಿಲ್ಲ ಅಂತ ಇಷ್ಟ ಮಂದಿ ಸಂಶೋಧನಾ ಮಾಡ್ಯಾರ. ಅದು ಖರೆ ಐತಲ್ಲಲೇ!"

ನನಗೆ ನಗು ಬರಲಿಲ್ಲ ಅಂದರೆ ಸುಳ್ಳಾದೀತು. ಆದರೆ ನಗುವಿನ ಕೆಳಗೆ ಹೇಸಿಗೆ ಇತ್ತು. ಇಷ್ಟು ವರ್ಷ, ಇಷ್ಟು ಹುಡುಗಿಯರು, ಇಷ್ಟು ಸಹಿ ಹಾಕಿದ ಮಾರ್ಗದರ್ಶಕರು. ಮೊದಲು ಯಾರೋ ಹಾಳೆ ಹಂಚಿ ತುಂಬಿಸಿಕೊಂಡಿರಬೇಕು, ಉಳಿದದ್ದೆಲ್ಲ ಅದರ ನಕಲು. ಯಾರೊಬ್ಬರೂ ಒಬ್ಬ ಮನುಷ್ಯನ ಎದುರು ಕೂತು ಆ ಪದವನ್ನು ಜೋರಾಗಿ ಓದಿರಲಿಲ್ಲ. ಓದಿದ್ದರೆ "ಯಾರಿಗೆ?" ಎಂಬ ಪ್ರಶ್ನೆ ಮೊದಲ ದಿನವೇ ಬರುತ್ತಿತ್ತು.

ಆ ವಾರವೇ ಶೇಡಬಾಳದ ಆಯಿ ಬಂದದ್ದು. ಎಪ್ಪತ್ತರ ಆಸುಪಾಸು, ತೆಳ್ಳನೆಯ ದೇಹ. ದೀಪಾವಳಿಯ ಮುಂಚೆ ಬಲಗಡೆ ಲಕ್ವಾ ಹೊಡೆದಿತ್ತು, ಕಾಲು ಬೇಗ ಸುಧಾರಿಸಿತ್ತು, ಕೈ ತಡವಾಗಿ. ಸೊಸೆ ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದಳು. ನಾನು ಬೇಕೆಂದೇ ಪಟ್ಟಿಯಲ್ಲಿದ್ದ ಹಾಗೆ ಕೇಳಿದೆ, ನನಗೆ ಇನ್ನೊಂದು ಪುರಾವೆ ಬೇಕಿತ್ತು.

"ಉಣಿಸುವುದು ಆಗತೈತೇನ್ರಿ ಆಯಿ?"

ಆಯಿ ನನ್ನ ಮುಖ ನೋಡಿದರು. ಯಾರಾದರೂ ಇದನ್ನು ಕೇಳಲಿ ಎಂದು ಕಾದು ಕೂತವರ ಹಾಗೆ.

"ಇಲ್ಲವ್ವ. ಅದ ಒಂದ ಆಗೂದಿಲ್ಲ ನೋಡು. ಉಣ್ಣಾಕ ಬರತೈತಿ, ರೊಟ್ಟಿ ಮುರಕೊಂಡು ನಾನ ಉಣ್ತೀನಿ. ಉಣಸಾಕ ಬರೂದಿಲ್ಲ."

"ಯಾರಿಗೆ ಉಣಸಬೇಕ್ರಿ? ಮೊಮ್ಮಕ್ಕಳಿಗೇನ್ರಿ?"

"ಅವೇನ, ಕೈಯಾಗಿನ ಮೊಬೈಲ್ ಬಿಟ್ರ ತಾವ ತಿಂತಾವ. ಮಹಾರಾಜರಿಗೆ."

ಮಹಾರಾಜರು ಅಂದರೆ ದಿಗಂಬರ ಮುನಿಗಳು. ಮಳೆಗಾಲದ ನಾಲ್ಕು ತಿಂಗಳು, ಚಾತುರ್ಮಾಸ, ಒಂದೇ ಊರಿನಲ್ಲಿ ನಿಲ್ಲುತ್ತಾರೆ. ದಿನಕ್ಕೆ ಒಂದೇ ಹೊತ್ತು, ಯಾವುದಾದರೊಂದು ಮನೆಯಲ್ಲಿ, ನಿಂತುಕೊಂಡು, ಬೊಗಸೆಯೊಡ್ಡಿ, ಅದರಲ್ಲಿ ಬಿದ್ದಷ್ಟನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ನೀರೂ ಆಗಲೇ. ಹಾಕುವುದು ಮನೆಯವರ ಕೆಲಸ, ಮತ್ತು ಶೇಡಬಾಳದ ಆ ಮನೆಯಲ್ಲಿ ಮದುವೆಯಾಗಿ ಬಂದ ವರ್ಷದಿಂದ ಹಾಕುತ್ತಿದ್ದ ಕೈ ಆಯಿಯದು.

"ಕೈ ನಡಗಿ ತುತ್ತು ಕೆಳಗ ಬಿತ್ತಂದ್ರ ಅಂತರಾಯ," ಎಂದರು. "ಅವರು ಅಲ್ಲೇ ಬೊಗಸಿ ಬಿಡ್ತಾರ. ಮರುದಿನದ ತನಕ ಹನಿ ನೀರೂ ಇಲ್ಲ. ನನ್ನ ಕೈಯಿಂದ ಹಂಗ ಆಗಬಾರದು. ಚಾತುರ್ಮಾಸಕ್ಕ ಕೈ ಬರತೈತೇನು ಹೇಳು."

ನಾನು ಇದನ್ನೆಲ್ಲ ನಂಬುವವಳಲ್ಲ. ನಮ್ಮ ಮನೆಯ ಮತ ಬೇರೆ, ಅದನ್ನೂ ನಂಬುವುದಿಲ್ಲ. ಆದರೆ ಬಾಯಿಪಾಠ ಮಾಡಿದ್ದ ಆ ವಾಕ್ಯ ಕಾಲು ಬಂದು ಎದುರಿಗೆ ಕೂತ ಹಾಗಾಯಿತು. ಒಬ್ಬರ ದಿನವನ್ನು ತುಂಬುವ, ಅವರಿಗೇ ಬೇಕಾದ ಕೆಲಸ. ಪಟ್ಟಿಯಲ್ಲಿದ್ದ ತಪ್ಪು ಪದ, ಈ ಒಬ್ಬ ಹೆಂಗಸಿನ ಮಟ್ಟಿಗೆ, ಸರಿಯಾದ ಪ್ರಶ್ನೆ ಕೇಳಿಬಿಟ್ಟಿತ್ತು.

"ಬರತೈತ್ರಿ ಆಯಿ," ಅಂದೆ. "ಇನ್ನೂ ಭಾಳ ತಿಂಗಳು ಐತಿ."

ವಾರಕ್ಕೆ ಎರಡು ಸಲ ಬರತೊಡಗಿದರು. ಸೊಸೆ ಮನೆಯಿಂದ ಎರಡು ಹಿತ್ತಾಳೆಯ ತಂಬಿಗೆ ತಂದಳು, ಒಂದರಿಂದ ಇನ್ನೊಂದಕ್ಕೆ ನೀರು ಹೊಯ್ಯುವುದು. ಆಯಿಯ ಮಣಿಕಟ್ಟು ತಿರುಗುತ್ತಿರಲಿಲ್ಲ, ತಂಬಿಗೆ ಬಗ್ಗಿಸಬೇಕಾದರೆ ಭುಜ ಎತ್ತಿ ಇಡೀ ಮೈಯನ್ನೇ ವಾಲಿಸುತ್ತಿದ್ದರು. ಬರುತ್ತಲೇ ಚೀಲದಿಂದ ಬಿಳಿ ಅರಿವೆ ತೆಗೆದು ನಮ್ಮ ನಲ್ಲಿಯ ನೀರನ್ನು ಸೋಸುತ್ತಿದ್ದರು. "ಕಲಿಯಾಕ ಬಳಸೂ ನೀರು ಆಯಿ, ಇದನ್ನ್ಯಾಕ ಸೋಸ್ತೀರಿ?" ಎಂದು ಕೇಳಿದೆ. "ಕಲಿಯೂ ನೀರಾಗ ಜೀವ ಇರೂದಿಲ್ಲೇನು?" ಎಂದರು. ಚರ್ಚಾಸ್ಪರ್ಧೆಯಲ್ಲಿ ಇದಕ್ಕೆ ಉತ್ತರ ಕೊಡಬಹುದಿತ್ತು. ಅರಿವೆಯ ಇನ್ನೊಂದು ತುದಿ ಹಿಡಿದೆ.

ಮುಖ್ಯಸ್ಥರಿಗೆ ಆಯಿಯ ಫೈಲು ತೋರಿಸಿದಾಗ 'ಗುರಿ' ಎಂಬ ಜಾಗದಲ್ಲಿ ನಾನು 'ಮಹಾರಾಜರಿಗೆ ಉಣಿಸುವುದು' ಎಂದು ಬರೆದದ್ದನ್ನು ಓದಿ ಪೆನ್ನಿನಿಂದ ಗೀಟು ಹಾಕಿದರು.

"ಹೇ ಬಘ ಬಾಳ," ಎಂದು ಮರಾಠಿಯಲ್ಲಿ ಶುರುಮಾಡಿ ಕನ್ನಡಕ್ಕೆ ಬಂದರು, "ನೋಡವ್ವ, ಇದನ್ನ ಎಕ್ಸಾಮಿನರ್ ಮುಂದ ಹೆಂಗ ಓದ್ತಿ? ಚಮಚದಿಂದ ಊಟ ಅಂತ ಬರಿ. ಬಲಗೈ ಬರದಿದ್ರ ಎಡಗೈ. ಪುಸ್ತಕದಾಗ ಐತಲ್ಲ."

"ಆಕಿ ಉಣ್ತಾಳ್ರಿ ಸರ್. ಉಣಸೂದು ಆಕಿಗೆ ಬೇಕಾಗೇತಿ."

"ಬೇಕಾಗೇತಿ ಅಂದ್ರ ನನಗೂ ಭಾಳ ಬೇಕಾಗೇತಿ. ಸಮಿತಿ ಬರೂದೈತಿ, ಪೂರ್ಣ ಗುಣ ಆದ ಒಂದು ಕೇಸ್ ಬೇಕಾಗೇತಿ."

ಆಗ ನಾನು ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ಪಟ್ಟಿಯೇ ತಪ್ಪು, ಹಳೆಯ ಪ್ರಬಂಧಗಳೆಲ್ಲ ತಪ್ಪು ಎಂದು ವಾದ ಹೂಡಿದೆ. ಮೂಲ ಪದ ಇದು, ಅದರ ಅರ್ಥ ಇದು, ಕನ್ನಡದಲ್ಲಿ ಬಂದದ್ದು ಇದು. 'ಫೀಡಿಂಗ್' ಅಂದರೆ ತಾನು ಉಣ್ಣುವುದು, ಇನ್ನೊಬ್ಬರಿಗೆ ಉಣಿಸುವುದಲ್ಲ. ಭಜಿಯವರ ಕತೆಯನ್ನೂ ಹೇಳಿದೆ. ಎಲ್ಲಿಯೂ ತಡವರಿಸಲಿಲ್ಲ. ತೀರ್ಪುಗಾರರು ಕೂತಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಮುಖ್ಯಸ್ಥರು ಪೂರ್ತಿ ಕೇಳಿದರು. ಮೊದಲ ಸಲ ನನ್ನನ್ನು ಮೆಚ್ಚುಗೆಯಿಂದ ನೋಡಿದರು.

"ಶಾಣ್ಯಾಕಿ ಅದಿ. ಹಂಗಾರ ಫೀಡಿಂಗ್ ಅಂದ್ರ ಉಣ್ಣೂದು?"

"ಹೌದ್ರಿ ಸರ್."

"ಈ ಆಯಿ ಉಣ್ತಾಳ?"

"ಉಣ್ತಾಳ್ರಿ."

"ಮತ್ತ? ಆಗುತ್ತದೆ ಅಂತ ಟಿಕ್ ಹಾಕು. ನೀನ ಹೇಳಿದಿಯಲ್ಲ. ಪದ ಮಾತ್ರ ಬದಲಿ ಮಾಡಬ್ಯಾಡ, ಹಳೇ ಪ್ರಬಂಧದ ಜೋಡಿ ಹೋಲಿಕಿ ಕೆಡತೈತಿ."

ನನ್ನದೇ ಆಧಾರ, ನನ್ನದೇ ಸಾಲು, ನನ್ನದೇ ತೀರ್ಮಾನ. ಆಯಿಯ ಹಂಬಲ ಉಳಿದುಕೊಂಡಿದ್ದದ್ದೇ ಆ ಟೈಪಿನವರ ತಪ್ಪಿನ ಒಳಗೆ, ಅದನ್ನು ನಾನು ಸರಿಪಡಿಸಿ ಅಳಿಸಿ ಕೊಟ್ಟಿದ್ದೆ.

ಸಮಿತಿ ಬರುವ ದಿನ ಅಡುಗೆಮನೆಯ ಬೀಗ ತೆಗೆದರು. ಮೈಕ್ರೊವೇವಿನ ಪ್ಲಾಸ್ಟಿಕ್ ಸುಲಿಯುವ ಕೆಲಸ ನನ್ನ ಗೆಳತಿಗೆ ಬಂತು. "ಮುಂದಿನ ವರ್ಷಕ್ಕ ಮತ್ತ ಹಚ್ಚಬೇಕಾಗತೈತಿ, ಹರೀಬ್ಯಾಡ" ಎಂದು ಆಫೀಸಿನವರು ಎಚ್ಚರಿಸಿದರು. ಗೋಡೆಯ ಪಟ್ಟಿಯ ಅಧ್ಯಾಪಕರೆಲ್ಲ ಒಂದೇ ವಾಹನದಲ್ಲಿ ಇಳಿದರು. ಅವರಲ್ಲೊಬ್ಬರು ನನ್ನನ್ನೇ "ಶೌಚಾಲಯ ಎಲ್ಲಿ?" ಎಂದು ಕೇಳಿದರು. ಪಟ್ಟಿಯ ಪ್ರಕಾರ ಅವರು ಆರು ವರ್ಷದಿಂದ ಅಲ್ಲಿ ಪಾಠ ಹೇಳುತ್ತಿದ್ದರು. ಬೆಂಚುಗಳ ಮೇಲೆ ರೋಗಿಗಳು ತುಂಬಿದ್ದರು. ಪಕ್ಕದ ಊರಿನಿಂದ ಟೆಂಪೋದಲ್ಲಿ ಕರೆತಂದವರು, ಊಟದ ಪೊಟ್ಟಣದ ಮೇಲೆ ಕಣ್ಣಿಟ್ಟು ಕೂತವರು. ಅವರ ನಡುವೆ ನಿಜವಾದ ರೋಗಿ ಶೇಡಬಾಳದ ಆಯಿ ಒಬ್ಬರೇ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಡಿಲಲ್ಲಿ ಎರಡು ತಂಬಿಗೆ.

ಪರಿಶೀಲನೆಗೆ ಬಂದ ಸಮಿತಿಯ ಹಿರಿಯರು ದಕ್ಷಿಣದ ಕಡೆಯ ಕನ್ನಡದವರು, ಮೃದು ಮಾತಿನವರು. ಮುಖ್ಯಸ್ಥರು ಆಯಿಯ ಫೈಲು ಕೊಟ್ಟು, "ಊಟದಾಗ ಪೂರ್ಣ ಸ್ವಾವಲಂಬಿ" ಅಂದರು. ಅವರು ಪಟ್ಟಿ ನೋಡಿ, ಅಲ್ಲಿದ್ದ ಪದವನ್ನೇ ಓದಿದರು:

"ಏನಮ್ಮಾ, ಉಣಿಸೋದಕ್ಕೆ ಆಗುತ್ತಾ ಈಗ?"

"ಇಲ್ರಿ."

ಮುಖ್ಯಸ್ಥರು ನಕ್ಕರು. "ವಯಸ್ಸಾಗೇತ್ರಿ ಸರ್, ಕಿವಿ ಸ್ವಲ್ಪ ಮಂದ."

"ಕಿವಿ ಛಲೋ ಅದಾವ್ರಿ," ಆಯಿ ಅಂದರು. "ಕೈ ಬಂದಿಲ್ಲ. ತೋರಸ್ತೀನಿ, ನಿಲ್ರಿ. ಬೊಗಸಿ ಒಡ್ಡಿ ನಿಲ್ರಿ."

ಆ ಹಿರಿಯರಿಗೆ ಮೋಜೆನಿಸಿತು. ಕೈಯಲ್ಲಿದ್ದ ಫೈಲನ್ನು ಪಕ್ಕದವರಿಗೆ ಕೊಟ್ಟು ಬೊಗಸೆ ಒಡ್ಡಿದರು. ಆಯಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ತಂಬಿಗೆ ಎತ್ತಿ ಬಗ್ಗಿಸಿದರು. ಮೊದಲ ಧಾರೆ ನೆಟ್ಟಗೆ ಬೊಗಸೆಗೆ ಬಿತ್ತು. ಎರಡನೆಯ ಸಲ ಮಣಿಕಟ್ಟು ಕಚ್ಚಿಕೊಂಡಿತು. ಭುಜ ಎದ್ದಿತು, ತಂಬಿಗೆ ಹೊರಳಿ ನೀರೆಲ್ಲ ಅವರ ಬೂಟಿನ ಮೇಲೆ.

ಎಲ್ಲರೂ ನಕ್ಕರು. ಬಂದವರು ಕೂಡ ನಗುತ್ತ ಕರವಸ್ತ್ರ ತೆಗೆದು ಬೂಟು ಒರೆಸಿಕೊಂಡರು. ಆಯಿ ನಗಲಿಲ್ಲ. "ನೋಡಿದ್ರಿಲ್ಲ? ಅಂತರಾಯ," ಅಂದು ಕೂತರು. ಬೂಟು ಒರೆಸುತ್ತಿದ್ದವರು ಮುಖ್ಯಸ್ಥರಿಗೆ ಮೆಲ್ಲಗೆ, "ಬಹಳ ಲವಲವಿಕೆಯ ಅಜ್ಜಿ" ಎಂದರು. ಅವರೆಲ್ಲ ಅಡುಗೆಮನೆ ನೋಡಲು ಹೋದರು, ಮೈಕ್ರೊವೇವ್ ತೆರೆದು ಮುಚ್ಚಿದ ಸದ್ದು ಕೇಳಿತು. ವರದಿಯಲ್ಲಿ 'ರೋಗಿಗಳ ಸಹಕಾರ ಅತ್ಯುತ್ತಮ' ಎಂಬ ಸಾಲು ಇತ್ತೆಂದು ಆಮೇಲೆ ತಿಳಿಯಿತು.

ಒಬ್ಬ ಹೆಂಗಸು ಎಲ್ಲರೆದುರು ನಿಂತು, "ನನಗೆ ಆಗುವುದಿಲ್ಲ" ಎಂದು ಬಾಯಿಂದ ಹೇಳಿ, ಕೈಯಿಂದ ತೋರಿಸಿದ್ದಳು. ಅಲ್ಲಿ ಇದ್ದವರೆಲ್ಲರ ಬಳಿ ಪದವಿಗಳಿದ್ದವು. ಅವರಿಗೆ ಕಂಡದ್ದು ಲವಲವಿಕೆ.

ಮರುದಿನ ಮುಖ್ಯಸ್ಥರು ಫೈಲು ನನ್ನ ಮುಂದಿಟ್ಟರು. ಟಿಕ್ ಅವರೇ ಹಾಕಿದ್ದರು, ಕೆಳಗೆ ವಿದ್ಯಾರ್ಥಿಯ ಸಹಿಗೆ ಜಾಗ ಖಾಲಿ ಇತ್ತು. ಪರೀಕ್ಷೆಗೆ ಮೂರು ವಾರ, ಆಂತರಿಕ ಅಂಕಗಳು ಅವರ ಕೈಯಲ್ಲಿ. ಇಷ್ಟನ್ನು ನಾನು ನೆಪವಾಗಿ ಹೇಳುತ್ತಿಲ್ಲ. ವಾದದ ಭಾಷೆಯಲ್ಲಿ ಹೇಳುವುದಾದರೆ ಇವು ಸಂದರ್ಭಗಳು, ಕಾರಣಗಳಲ್ಲ. ಕಾರಣ ನಾನು. ಉಣಿಸುವುದು: ಆಗುತ್ತದೆ. ಅದರ ಕೆಳಗೆ ಸಹಿ ಹಾಕಿದೆ, ದಿನಾಂಕವನ್ನೂ ಹಾಕಿದೆ, ಅಕ್ಷರ ದುಂಡಗೆ ಬಂದಿದೆಯೇ ಎಂದೂ ನೋಡಿದೆ.

ಪೂರ್ಣ ಅಂಕ ಬಂದ ರೋಗಿಗೆ ಮುಂದಿನ ಸರದಿ ಕೊಡುವುದಿಲ್ಲ, ಅದು ನಿಯಮ. ಬುಧವಾರ ಆಯಿ ತಂಬಿಗೆ ಹಿಡಿದು ಬಂದಾಗ ಹೊರಗಿನ ಬೆಂಚಿನ ಹತ್ತಿರವೇ ನಿಲ್ಲಿಸಿ ಹೇಳಿದವಳೂ ನಾನೇ.

"ನಿಮಗ ಆರಾಮ ಆಗೇತ್ರಿ ಆಯಿ. ಇನ್ನ ಬರೂದು ಬ್ಯಾಡ್ರಿ."

ಸೊಸೆ ನನ್ನನ್ನು ನೋಡಿದಳು, ಅತ್ತೆಯ ಕೈ ನೋಡಿದಳು. "ಯಾವಾಗ ಆತ್ರಿ ಆರಾಮ?" ಎಂದಳು. ಆಯಿ ಬಿಳಿ ಅರಿವೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು, ಬಸ್ಸು ಹಿಡಿಯಲು ಮಿರಜಿನ ರಸ್ತೆಯ ಕಡೆ ನಡೆದರು.

ನಾನು ಪಾಸಾದೆ. ಒಳ್ಳೆಯ ಅಂಕ ಬಂದವು. ನನ್ನ ಪ್ರಬಂಧಕ್ಕೆ ಕಪ್ಪು ರಟ್ಟು ಹಾಕಿ, ಬಂಗಾರದ ಅಕ್ಷರ ಒತ್ತಿಸಿ ಕಪಾಟಿನಲ್ಲಿಟ್ಟರು. ಕೆಳಗಿನ ತರಗತಿಯ ಹುಡುಗಿಯೊಬ್ಬಳು ಅದೇ ತಿಂಗಳು ಫೋನು ಮಾಡಿ, "ಅಕ್ಕಾ, ನಿಮ್ಮದು ಭಾಳ ಛಲೋ ಐತಂತ ಸರ್ ಅಂದ್ರು, ಸಾಫ್ಟ್ ಕಾಪಿ ಕಳಸ್ರಿ" ಅಂದಳು. ಮಳೆಗಾಲ ಹಿಡಿಯಿತು. ನಾನು ಅಲ್ಲೇ ಇಂಟರ್ನ್‌ಶಿಪ್ ಮಾಡುತ್ತಿದ್ದೆ, ಬೀಗ ಹಾಕಿದ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ಶೇಡಬಾಳಕ್ಕೆ ಮಹಾರಾಜರು ಬಂದಿದ್ದಾರೆ ಎಂಬ ಸುದ್ದಿ ಬಂತು. ನಾನು ಹೋಗಲಿಲ್ಲ. ಯಾಕೆ ಹೋಗಬೇಕಾಗಿಲ್ಲ ಎಂಬುದಕ್ಕೆ ಊಟದ ಹೊತ್ತಿನಲ್ಲಿ ಗೆಳತಿಯ ಮುಂದೆ ಒಂದೊಂದಾಗಿ ಕಾರಣ ಕೊಡುತ್ತಿದ್ದೆ. ಅವಳು ಒಂದು ದಿನ ತಟ್ಟೆ ಸರಿಸಿದಳು.

"ವಾದ ಮಾಡಾಕ ಇಷ್ಟ ದೊಡ್ಡ ಬಾಯಿ ಐತಿ. ಶೇಡಬಾಳಕ್ಕ ಹೋಗಾಕ ಒಂದು ಬಸ್ ಸಿಗವಲ್ದೇನಲೇ ನಿನಗ?"

ಬಸ್ಸು ಸಿಕ್ಕಿತು. ಕಾಗವಾಡದಲ್ಲಿ ಬದಲಿಸಿ, ಬೆಳಿಗ್ಗೆ ಒಂಬತ್ತೂವರೆಗೆಲ್ಲ ಆ ಮನೆಯ ಮುಂದೆ ಇಳಿದೆ. ಬಾಗಿಲಲ್ಲಿ ರಂಗೋಲಿ, ತೊಳೆದ ನೆಲ. ಮಹಾರಾಜರು ಅಷ್ಟರಲ್ಲೇ ಒಳಗೆ ಹೋಗಿದ್ದರು. ನಾನು ಮಡಿಯಲ್ಲಿ ಇಲ್ಲದವಳು, ಹೊರಗಿನ ಕಟ್ಟೆಯ ಮೇಲೆ ಕೂಡಬೇಕಾಯಿತು. ಕೂತ ಮೇಲೆ ನೋಡಿದರೆ, ಕಟ್ಟೆಯ ಇನ್ನೊಂದು ತುದಿಯಲ್ಲಿ ಆಯಿ. ಮಡಿ ಸೀರೆಯಲ್ಲ, ದಿನದ ಹಳೆಯ ಸೀರೆ.

"ಒಳಗ ಹೋಗಿಲ್ಲೇನ್ರಿ ಆಯಿ?"

"ಕೈ ಇನ್ನೂ ತಯಾರಿಲ್ಲ. ಸೊಸಿ ಹಾಕಾಕತ್ತಾಳ."

"ಆಕಿ ಕೈ ಮುಟ್ಟಿ ನಿಂತ್ರ ನೀವೂ ಉಣಸಿದಂಗ, ನಡಿಯೂದಿಲ್ಲೇನ್ರಿ?"

"ಎಲ್ಲಾರೂ ಅದನ್ನ ಅಂದ್ರು. ನಡೀತೈತಿ. ಆದ್ರ ಅದು ಆಕಿ ಉಣಿಸಿದ್ದವ್ವ. ನಂದಲ್ಲ."

ಒಳಗೆ ಗಪ್‌ಚಿಪ್. ಪಾತ್ರೆಗೆ ಪಾತ್ರೆ ತಾಗಿದ ಸಣ್ಣ ಸದ್ದು ಬಂದಾಗಲೆಲ್ಲ ಆಯಿಯ ಬಲಗೈಯ ಬೆರಳು ಸೀರೆಯ ಮೇಲೆ ಅಲುಗುತ್ತಿದ್ದವು. ಅಷ್ಟು ದೂರದಿಂದ ಬಂದದ್ದು ಕ್ಷಮೆ ಕೇಳಲು. ಆದರೆ ಕ್ಷಮೆಯ ವಾಕ್ಯವನ್ನೂ ನಾನು ವಾದದ ಹಾಗೆಯೇ ಜೋಡಿಸಿಕೊಂಡು ಬಂದಿದ್ದೆ, ಪೀಠಿಕೆ ಸಮೇತ. ಅದು ಶುರುವಾಗುವ ಮೊದಲೇ ಆಯಿ ಕೇಳಿದರು:

"ನಿಮ್ಮ ಕಾಗದದಾಗ ನನ್ನ ಹೆಸರಿನ ಮುಂದ ಏನ್ ಬರದೀ?"

"ಉಣಿಸುವುದು ಆಗುತ್ತದೆ ಅಂತ ಬರದೀನ್ರಿ."

"ನೀನ ಬರದಿ?"

"ಸಹಿ ನಂದ ಐತ್ರಿ."

ಆಯಿ ಬಾಗಿಲ ಕಡೆ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಹಂಗಾರ ಒಳಗ ಹೋಗಿ ನಿಮ್ಮ ಕಾಗದನ ಉಣಸ್ಲಿ."

ಈ ಕೈಗೆ ಎಷ್ಟು ಅಂಕ ಎಂದು ನಾವು ಒಂದು ಇಡೀ ವಿಭಾಗ ಸೇರಿ, ಸಮಿತಿ ಕರೆಸಿ, ಸಹಿ ಹಾಕಿ ಬರೆದಿದ್ದೆವು. ಆ ಕೈಯವಳು ಯಾರೂ ಕೇಳದೆ ತಾನೇ ಅಳೆದುಕೊಂಡು, ಸಾಲದು ಎಂದು ಕಂಡು, ತನ್ನ ಮನೆಯ ಬಾಗಿಲಿನ ಹೊರಗೆ ಬಂದು ಕೂತಿದ್ದಳು.

ಸ್ವಲ್ಪ ಹೊತ್ತಿಗೆ ಮಹಾರಾಜರು, ಅವರ ಹಿಂದೆ ಜನ ಹೊರಗೆ ಬಂದರು. ಆಯಿ ಎದ್ದು ಎರಡೂ ಕೈ ಜೋಡಿಸಿದರು, ಬಲಗೈಯನ್ನು ಎಡಗೈಯಿಂದ ಎತ್ತಿ. ಅಂತರಾಯ ಆಗಿರಲಿಲ್ಲ ಎಂಬುದು ಸೊಸೆಯ ಮುಖದಲ್ಲೇ ಕಾಣುತ್ತಿತ್ತು. ಅವರೆಲ್ಲ ರಸ್ತೆಯ ತಿರುವು ದಾಟುವವರೆಗೆ ಆಯಿ ನಿಂತೇ ಇದ್ದರು. ಆಮೇಲೆ ಕಟ್ಟೆಯ ಮೂಲೆಯಿಂದ ಆ ಎರಡು ತಂಬಿಗೆ ತಂದರು. ಬಿಳಿ ಅರಿವೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ನೀರು ಸೋಸಿದೆವು. ಕೆಳಗೆ ಒಂದು ಅಗಲವಾದ ತಗಡಿನ ಬುಟ್ಟಿ ಇಟ್ಟರು, ಚೆಲ್ಲಿದ ನೀರು ಗಿಡಕ್ಕೆ ಹೋಗಲೆಂದು.

"ದಿನಾ ಮಾಡ್ತೀನಿ," ಎಂದರು. "ಬೊಗಸಿ ಒಡ್ಡಾಕ ಯಾರೂ ಇರೂದಿಲ್ಲ. ಸೊಸಿಗೆ ದ್ರಾಕ್ಷಿ ತೋಟದ ಕೆಲಸ ಇರತೈತಿ. ಬಾ, ನಿಲ್ಲು."

ನಿಂತೆ. ಬೊಗಸೆ ಒಡ್ಡಿದೆ. ಮೊದಲ ಧಾರೆ ಅಂಗೈಗೆ ಬಿತ್ತು, ತಣ್ಣಗೆ. ಎರಡನೆಯ ಸಲ ಮಣಿಕಟ್ಟು ನಡುವೆ ನಿಂತಿತು, ಭುಜ ಎದ್ದಿತು, ನೀರು ನನ್ನ ಬೆರಳ ಸಂದಿಯಿಂದಾಚೆ ಬುಟ್ಟಿಗೆ, ಅರ್ಧ ನನ್ನ ಪಾದದ ಮೇಲೆ.

"ಆತೇನು?" ಎಂದು ಕೇಳಿದರು.

"ಇಲ್ರಿ ಆಯಿ. ಆಗಲಿಲ್ಲ."

"ಹಾಂ." ತಂಬಿಗೆ ಮತ್ತೆ ತುಂಬಿಕೊಂಡರು. "ಕೈ ಇಳಸಬ್ಯಾಡ. ಮತ್ತ ಒಡ್ಡು."